ಎಮ್ಮೆಯ ಸೂಜಿಗೆ ಕಾನೂನಿದೆ, ಕೂಸಿನ ಸೂಜಿಗಿಲ್ಲ

ಗುರುವಾರ ಮುಂಜಾನೆ ಹತ್ತು ಗಂಟೆಯಾಗುವಷ್ಟರಲ್ಲಿ ದೇವಿಕೊಪ್ಪದಂಥ ಊರಿನ ಅಂಗನವಾಡಿ ಕಟ್ಟೆಯ ಮೇಲೆ ನೀಲಿ ಡಬ್ಬಿಯೊಂದು ಬಂದು ಕೂತಿರುತ್ತದೆ. ಹುಬ್ಬಳ್ಳಿಯಿಂದ ಕಾರವಾರಕ್ಕೆ ಹೊರಟ ರಸ್ತೆ ಕಲಘಟಗಿ ದಾಟಿ ಯಲ್ಲಾಪುರದ ಕಾಡಿಗೆ ಮುಖ ಮಾಡುವ ಸೀಮೆ ಇದು. ಡಬ್ಬಿಯೊಳಗೆ ನಾಲ್ಕು ಐಸ್ ಪ್ಯಾಕು, ನಡುವೆ ಬೆರಳುದ್ದದ ಬಾಟಲಿಗಳು. ನರ್ಸಮ್ಮ ಒಂದೊಂದನ್ನೇ ಎತ್ತಿ ಕಣ್ಣಿನ ಹತ್ತಿರ ಹಿಡಿಯುತ್ತಾರೆ. ಬಾಟಲಿಯ ಮೇಲೊಂದು ಸಣ್ಣ ವೃತ್ತ, ಅದರೊಳಗೊಂದು ಚೌಕ. ಚೌಕ ವೃತ್ತಕ್ಕಿಂತ ಬೆಳ್ಳಗಿದ್ದರೆ ಔಷಧಿ ಸರಿ ಇದೆ. ವೃತ್ತದ ಬಣ್ಣಕ್ಕೇ ತಿರುಗಿದ್ದರೆ ಎಲ್ಲೋ ದಾರಿಯಲ್ಲಿ ಬಿಸಿಲು ತಿಂದಿದೆ, ಬಿಸಾಡಬೇಕು.

ಕಟ್ಟೆಯ ಕೆಳಗೆ ಚಪ್ಪಲಿಗಳ ಸಾಲು ಬೆಳೆಯುತ್ತದೆ. ತಾಯಂದಿರ ಕೈಯಲ್ಲಿ ತಾಯಿ ಕಾರ್ಡು, ಸೆರಗಿನೊಳಗೆ ಕೂಸು. ಸಾಲಿನ ಕೊನೆಗೆ ನಿಂತ ಅಜ್ಜಿ ಆಶಾ ಕಾರ್ಯಕರ್ತೆಯನ್ನು ಬದಿಗೆ ಕರೆದು ಮೆಲ್ಲಗೆ ಶುರು ಮಾಡುತ್ತಾಳೆ: "ಕೂಸಿಗೆ ರಾತ್ರಿ ಕೆಮ್ಮು ಬಂದಿತ್ರಿ. ಈ ಸಲ ಸೂಜಿ ಬ್ಯಾಡ್ರಿ, ಮುಂದಿನ ಗುರುವಾರ ಕರಕೊಂಡ ಬರ್ತೇನಿ."

ಈ ಮಾತಿಗೆ ಅಮೆರಿಕದಲ್ಲಾದರೆ ಅಚ್ಚು ಹಾಕಿದ ಫಾರಂ ಇದೆ, ಸಹಿ ಇದೆ, ವಕೀಲರಿದ್ದಾರೆ. ಅಲ್ಲಿ ಅದರ ಹೆಸರು ಲಸಿಕೆ ವಿನಾಯಿತಿ. ಶಾಲೆಗೆ, ಕೆಲಸಕ್ಕೆ ಸೇರಲು ಲಸಿಕೆ ಬೇಕೇಬೇಕೆನ್ನುವ ನಿಯಮದಿಂದ ನನ್ನನ್ನು ಬಿಡಿ ಎಂದು ಕೇಳುವ ಹಕ್ಕು. ಆ ಹಕ್ಕನ್ನು ಹಿಗ್ಗಿಸುವ ಮಸೂದೆಗಳು ಅಲ್ಲಿನ ರಾಜ್ಯಗಳಲ್ಲಿ ಒಂದರ ಹಿಂದೊಂದು ಬರುತ್ತಿವೆ. ಸುದ್ದಿ ಓದಿದ ನಮಗೂ ಕುತೂಹಲ: ನಮ್ಮಲ್ಲಿ ಲಸಿಕೆ ಕಡ್ಡಾಯವೇ? ಬೇಡ ಅನ್ನಬಹುದೇ? ಅಂದರೆ ಏನಾಗುತ್ತದೆ?

ಕಾನೂನು ಹುಡುಕಿದರೆ

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಮಕ್ಕಳಿಗೆ ಲಸಿಕೆ ಹಾಕಿಸಲೇಬೇಕು ಎಂದು ಹೇಳುವ ಕಾನೂನು ಇವತ್ತು ದೇಶದ ಮಟ್ಟದಲ್ಲಿಲ್ಲ, ಕರ್ನಾಟಕದಲ್ಲೂ ಇಲ್ಲ. 1978ರಲ್ಲಿ ಶುರುವಾಗಿ 1985ರಲ್ಲಿ ಸಾರ್ವತ್ರಿಕವಾದ ಲಸಿಕಾ ಕಾರ್ಯಕ್ರಮ ಒಂದು ಸೇವೆ. ಸರ್ಕಾರ ಪುಕ್ಕಟೆ ಕೊಡುತ್ತದೆ, ಮನೆಮನೆಗೆ ಬಂದು ಕರೆಯುತ್ತದೆ, ಗದರುವುದೂ ಉಂಟು. ಬಾರದವರಿಗೆ ದಂಡವಿಲ್ಲ. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಶಿಕ್ಷಣ ಹಕ್ಕು ಕಾಯ್ದೆ ಕೊಟ್ಟಿರುವ ಹಕ್ಕಿಗೆ ಲಸಿಕೆಯ ಷರತ್ತೂ ಇಲ್ಲ. ಖಾಸಗಿ ಶಾಲೆಗಳ ಅರ್ಜಿಯಲ್ಲಿ ಲಸಿಕೆಗೊಂದು ಕಾಲಂ ಇರುತ್ತದೆ, ನಿಜ. ಅದು ಶಾಲೆಯ ಕಾಲಂ, ಕಾನೂನಿನದಲ್ಲ.

ಅದೇ ಮನೆಯ ಹಿತ್ತಲಿಗೆ ಬನ್ನಿ. ಅಲ್ಲಿ ಕಟ್ಟಿದ ಎಮ್ಮೆಯ ಕಿವಿಯಲ್ಲಿ ಹಳದಿ ಬಿಲ್ಲೆ, ಬಿಲ್ಲೆಯ ಮೇಲೆ ಹನ್ನೆರಡು ಅಂಕಿಯ ಸಂಖ್ಯೆ. ಜಾನುವಾರುಗಳ ಸಾಂಕ್ರಾಮಿಕ ರೋಗ ತಡೆಗೆ 2009ರಲ್ಲಿ ಸಂಸತ್ತು ಮಾಡಿದ ಕಾಯ್ದೆಯ ಪ್ರಕಾರ, ಸರ್ಕಾರ ಒಂದು ಪ್ರದೇಶವನ್ನು ನಿಯಂತ್ರಿತ ಪ್ರದೇಶವೆಂದು ಘೋಷಿಸಿದರೆ ಅಲ್ಲಿನ, ಘೋಷಣೆಯಲ್ಲಿ ಹೆಸರಿಸಿದ ಜಾತಿಯ ಪ್ರತಿಯೊಂದು ಜಾನುವಾರಿಗೂ ಲಸಿಕೆ ಕಡ್ಡಾಯ. ಹಾಕಿಸುವುದು ಮಾಲೀಕನ ಹೊಣೆ, ತಪ್ಪಿದರೆ ದಂಡ. ಕಾಲುಬಾಯಿ ಬೇನೆ ಎಮ್ಮೆಯಿಂದ ಎಮ್ಮೆಗೆ ಹಾರಿದರೆ ಊರಿನ ಹೈನವೇ ಹೋಗುತ್ತದೆ ಎಂಬುದು ಅದರ ತರ್ಕ. ಎಮ್ಮೆಯ ಒಪ್ಪಿಗೆ ಯಾರೂ ಕೇಳುವುದಿಲ್ಲ. ಮನುಷ್ಯನ ವಿಷಯ ಬಂದಾಗ ಕಾನೂನು ತಡವರಿಸುವುದು ಇದೇ ಜಾಗದಲ್ಲಿ.

ದೇವಿ ಹಾಕುವವರ ಕಾಲ

ಮನುಷ್ಯರಿಗೂ ಅಂಥ ಕಾನೂನು ಒಂದು ಕಾಲಕ್ಕಿತ್ತು. ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಆ ವರ್ಷ ಜೂನ್ 14ರಂದು ಮುಂಬೈಯಲ್ಲಿ ಮೂರು ವರ್ಷದ ಮಗುವೊಂದಕ್ಕೆ ಹಾಕಿದ್ದು ಇಲ್ಲಿನ ಮೊದಲ ಲಸಿಕೆ. ನಮ್ಮ ಕಡೆ ಸಿಡುಬಿಗೂ ದೇವಿ, ಲಸಿಕೆಗೂ ದೇವಿ. "ದೇವಿ ಹಾಕಸ್ಕೊಂಡೀಯೇನು?" ಎಂದರೆ ತೋಳಿನ ಮೇಲಿನ ಕಲೆ ತೋರಿಸುವ ತಲೆಮಾರು ಇನ್ನೂ ಪೂರ್ತಿ ಹೋಗಿಲ್ಲ.

1880ರ ಲಸಿಕಾ ಕಾಯ್ದೆ, ತನ್ನ ವ್ಯಾಪ್ತಿಗೆ ಬಂದ ನಗರಸಭೆ, ದಂಡು ಪ್ರದೇಶಗಳಲ್ಲಿ ಮಕ್ಕಳಿಗೆ ದೇವಿ ಹಾಕಿಸುವುದನ್ನು ಕಡ್ಡಾಯ ಮಾಡಿತು. ಅದರಲ್ಲಿದ್ದ ವಿನಾಯಿತಿ ಗಮನಿಸಬೇಕಾದ್ದು. ಮಗು ಲಸಿಕೆ ತಡೆದುಕೊಳ್ಳುವ ಸ್ಥಿತಿಯಲ್ಲಿಲ್ಲದಿದ್ದರೆ ಸದ್ಯಕ್ಕೆ ಬೇಡವೆಂಬ ಚೀಟಿ ಸಿಗುತ್ತಿತ್ತು. ಮತ್ತೆ ಮತ್ತೆ ಹಾಕಿದರೂ ಹತ್ತದಿದ್ದರೆ ಈ ಮಗುವಿಗೆ ಹತ್ತುವುದಿಲ್ಲವೆಂಬ ಚೀಟಿ. ಮೈ ಬೇಡ ಅಂದರೆ ಸರ್ಕಾರ ಕೇಳುತ್ತಿತ್ತು. ಮನಸ್ಸು ಬೇಡ ಅಂದರೆ ಅದಕ್ಕೆ ಕಾಲಂ ಇರಲಿಲ್ಲ.

ಇಂಗ್ಲೆಂಡಿನಲ್ಲಿ ಆ ಕಾಲಂ ಬಂದದ್ದು 1898ರಲ್ಲಿ. ಅಲ್ಲಿ 1853ರಿಂದಲೇ ಲಸಿಕೆ ಕಡ್ಡಾಯವಾಗಿತ್ತು. ದಂಡ ಕಟ್ಟಲಾಗದ ಕೂಲಿಕಾರರು ಜೈಲಿಗೆ ಹೋದರು, ಮನೆಯ ಸಾಮಾನು ಹರಾಜಾಯಿತು, 1885ರಲ್ಲಿ ಲೆಸ್ಟರ್ ಪಟ್ಟಣದ ಬೀದಿಗಳು ಪ್ರತಿಭಟನೆಯಿಂದ ತುಂಬಿದವು. ಕೊನೆಗೆ ಪಾರ್ಲಿಮೆಂಟ್ ಮಣಿಯಿತು. ಲಸಿಕೆ ಕೇಡು ಮಾಡುತ್ತದೆಂದು ಆತ್ಮಸಾಕ್ಷಿಯಾಗಿ ನಂಬಿದವನು ಮಗು ಹುಟ್ಟಿದ ನಾಲ್ಕು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಬಂದು ಹೇಳಿದರೆ ಬಿಟ್ಟುಬಿಡಿ ಎಂದಿತು. ಆ ವರ್ಷವೊಂದರಲ್ಲೇ ಎರಡು ಲಕ್ಷ ಚೀಟಿಗಳು ಹೋದವು. ಮುಂದೆ ಯುದ್ಧಕ್ಕೆ ಒಲ್ಲೆನೆಂದವರಿಗೂ ಅಂಟಿದ ಆತ್ಮಸಾಕ್ಷಿಯ ಆಕ್ಷೇಪಕ ಎಂಬ ಬಿರುದು ಕಾನೂನಿನೊಳಗೆ ಕಾಲಿಟ್ಟದ್ದು ಈ ಸೂಜಿಯ ಜಗಳದಲ್ಲಿ.

ಅದೇ ವರ್ಷ, ಹುಬ್ಬಳ್ಳಿಯಲ್ಲಿ

ಲಂಡನ್ನಿನಲ್ಲಿ ಈ ಚರ್ಚೆ ನಡೆದಿದ್ದ 1898ರ ಬೇಸಿಗೆ, ಮಳೆಗಾಲದಲ್ಲಿ ಹುಬ್ಬಳ್ಳಿಗೆ ಪ್ಲೇಗು ನುಗ್ಗಿತ್ತು. ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದರು. ಸರ್ಜನ್ ಕ್ಯಾಪ್ಟನ್ ಲ್ಯೂಮನ್ ಎಂಬ ವೈದ್ಯ ಹಫ್ಕಿನ್ ಲಸಿಕೆಯೊಂದಿಗೆ ಬೀಡುಬಿಟ್ಟ. ವಾಲ್ಡೆಮಾರ್ ಹಫ್ಕಿನ್ ಮುಂಬೈಯಲ್ಲಿ ಅದನ್ನು ತಯಾರಿಸಿ 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡು ಎರಡು ವರ್ಷವೂ ಆಗಿರಲಿಲ್ಲ. ಸುಮಾರು ಐವತ್ತು ಸಾವಿರ ಜನರ ಹುಬ್ಬಳ್ಳಿಯಲ್ಲಿ ಮೇ ತಿಂಗಳಿನಿಂದ ಸೆಪ್ಟೆಂಬರಿನೊಳಗೆ ಮೂವತ್ತೆಂಟು ಸಾವಿರದಷ್ಟು ಮಂದಿ ತೋಳು ಕೊಟ್ಟರು. ಪ್ಲೇಗ್ ಲಸಿಕೆಯ ಚರಿತ್ರೆಯಲ್ಲಿ ಹುಬ್ಬಳ್ಳಿಯ ಹೆಸರು ಉಳಿದದ್ದು ಹೀಗೆ.

ಆ ಊರಿನಲ್ಲಿ ಸದರ್ನ್ ಮರಾಠಾ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿಯ ನೂಲಿನ ಗಿರಣಿ ಇತ್ತು. ಹಫ್ಕಿನ್ ಮುಂದಿಟ್ಟ ಲೆಕ್ಕದಂತೆ ಗಿರಣಿಯಲ್ಲಿ 1,173 ಜನ. ಎರಡು ಸಲ ಚುಚ್ಚಿಸಿಕೊಂಡವರು 1,040, ಅವರಲ್ಲಿ ಸತ್ತವರು 22. ಒಂದೇ ಸಲ ಚುಚ್ಚಿಸಿಕೊಂಡವರು 58, ಸತ್ತವರು 8. ಒಲ್ಲೆನೆಂದವರು 75, ಸತ್ತವರು 20. ಅಂದರೆ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು.

ಈ ಅಂಕಿಗಳನ್ನು ಕೊಟ್ಟವನು ಲಸಿಕೆ ಮಾಡಿದವನೇ ಎಂಬುದನ್ನು ಮರೆಯುವಂತಿಲ್ಲ. ಯಾರು ಯಾವ ವಾರ ಚುಚ್ಚಿಸಿಕೊಂಡರು ಎಂಬುದರ ಮೇಲೆ ಇಂಥ ಲೆಕ್ಕ ಅಷ್ಟಿಷ್ಟು ಓಲಾಡುತ್ತದೆ. ಆದರೂ ಅಂತರ ಕಣ್ಣಿಗೆ ರಾಚುವಂಥದ್ದು.

ನನ್ನನ್ನು ಕಾಡುವುದು ಆ 75 ಮಂದಿ. ಸಾವಿರಕ್ಕೂ ಮಿಕ್ಕಿ ಜನ ಮುಂದೆ ಬಂದಾಗ ಹಿಂದೆ ಸರಿದು ನಿಂತವರು. ಅವರಿಗೆ ಲಂಡನ್ನಿನ ಕೂಲಿಕಾರನಿಗೆ ಸಿಕ್ಕ ಆತ್ಮಸಾಕ್ಷಿಯ ಚೀಟಿ ಇರಲಿಲ್ಲ. ಚೀಟಿ ಇದ್ದದ್ದು ಉಳಿದವರಿಗೆ: ಆಗಿನ ಮುಂಬೈ ಪ್ರಾಂತ್ಯದಲ್ಲಿ ಚುಚ್ಚಿಸಿಕೊಂಡವನ ಕೈಗೆ ಸರ್ಟಿಫಿಕೇಟು ಬರುತ್ತಿತ್ತು, ಅದಿದ್ದರೆ ತಪಾಸಣೆ, ಪ್ರತ್ಯೇಕ ಕ್ಯಾಂಪುಗಳ ಕಾಟದಿಂದ ರಿಯಾಯಿತಿ. ಕ್ಯಾಂಪೆಂದರೆ ಜನ ನಡುಗುತ್ತಿದ್ದ ಕಾಲ. ಸಾವಿರ ಜನ ಬರೀ ವಿಜ್ಞಾನದ ಮೇಲಿನ ನಂಬಿಕೆಯಿಂದ ತೋಳು ಕೊಟ್ಟರೆಂದು ನನಗನ್ನಿಸುವುದಿಲ್ಲ.

ಅಂಜಿಕೆಯೂ ಸುಳ್ಳಲ್ಲ. ನಾಲ್ಕು ವರ್ಷದ ನಂತರ, 1902ರಲ್ಲಿ, ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಇದೇ ಲಸಿಕೆಯ ಒಂದು ಬಾಟಲಿ ಕೆಟ್ಟು 19 ಜನ ಧನುರ್ವಾಯುವಿನಿಂದ ಸತ್ತರು. ಇವತ್ತಿನ ಬಾಟಲಿಯ ಮೇಲಿನ ಚೌಕ ಬಿಸಿಯನ್ನಷ್ಟೇ ಹಿಡಿಯುತ್ತದೆ. ಲಸಿಕೆ ಕೆಟ್ಟಿದೆಯೇ ಎಂದು ನೋಡುವ ಬೇರೆ ಪರೀಕ್ಷೆಗಳಲ್ಲಿ ಹಲವು ಹುಟ್ಟಿದ್ದು ಇಂಥ ಸಾವುಗಳ ಬೆನ್ನಿಗೆ.

1880ರ ಕಾಯ್ದೆ ಪುಸ್ತಕದಲ್ಲಿ ಉಳಿದುಕೊಂಡಿತ್ತು. ಸಿಡುಬು ದೇಶ ಬಿಟ್ಟು ಇಪ್ಪತ್ತೈದು ವರ್ಷವಾದ ಮೇಲೆ, 2001ರಲ್ಲಿ, ಸಂಸತ್ತು ಬೇರೆ ಹಳೇ ಕಾಯ್ದೆಗಳ ಜೊತೆ ಅದನ್ನೂ ಗುಡಿಸಿ ಹಾಕಿತು.

ಬಾಯಿಮಾತಿನ ಕಡ್ಡಾಯ

ಹೀಗೆ ಖಾಲಿಯಾದ ಜಾಗಕ್ಕೆ 2021ರಲ್ಲಿ ಕೋವಿಡ್ ಲಸಿಕೆ ಬಂತು. ಕಾನೂನು ಮಾಡದೆಯೇ ಕಡ್ಡಾಯ ಹೇಗೆ ಮಾಡಬಹುದೆಂದು ಆ ವರ್ಷ ತೋರಿಸಿಕೊಟ್ಟಿತು.

ಜುಲೈ 26ರಂದು ಪದವಿ ಕಾಲೇಜುಗಳು ತೆರೆದವು, ಒಂದು ಡೋಸಾದರೂ ಆದವರಿಗೆ ಮಾತ್ರ. ಅದೇ ವರ್ಷ ಚಾಮರಾಜನಗರದಲ್ಲಿ ಲಸಿಕೆ ಇಲ್ಲದಿದ್ದರೆ ರೇಷನ್ ಇಲ್ಲ, ಪಿಂಚಣಿ ಇಲ್ಲ ಎಂಬ ಮಾತು ಜಿಲ್ಲಾಡಳಿತದಿಂದಲೇ ಬಂತು. ಗದ್ದಲವಾದಾಗ ಅಂಥ ಆದೇಶವಿಲ್ಲವೆಂದು ಸರ್ಕಾರ ಹೇಳಿತು. ಡಿಸೆಂಬರ್ 2ರಂದು ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣ ಬೆಂಗಳೂರಿನಲ್ಲಿ ಸಿಕ್ಕವು. ಮಾರನೇ ದಿನವೇ ಹೊಸ ನಿಯಮ: ಮಾಲ್, ಸಿನಿಮಾ ಮಂದಿರಕ್ಕೆ ಎರಡು ಡೋಸು ಬೇಕು, ಸರ್ಕಾರಿ ನೌಕರರಿಗೆ ಎರಡು ಡೋಸು ಬೇಕು, ಶಾಲೆಗೆ ಹೋಗುವ ಮಗುವಿನ ಅಪ್ಪ ಅಮ್ಮನಿಗೂ ಎರಡು ಡೋಸು ಬೇಕು. ಕೊನೆಯದನ್ನು ಇನ್ನೊಮ್ಮೆ ಓದಿ. ಆಗಿನ್ನೂ ಮಕ್ಕಳಿಗೆ ಲಸಿಕೆಯೇ ಬಂದಿರಲಿಲ್ಲ. ಅಪ್ಪನ ತೋಳಿನ ಲೆಕ್ಕ ಮಗನ ಶಾಲೆಯ ಬಾಗಿಲಲ್ಲಿ!

ನಮ್ಮ ಜಿಲ್ಲೆಯಲ್ಲೇ ಅದಕ್ಕೆ ವಾರದ ಹಿಂದೆ ಇನ್ನೊಂದು ನಡೆದಿತ್ತು. ಧಾರವಾಡದ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ ಹೊಸ ವಿದ್ಯಾರ್ಥಿಗಳ ಸ್ವಾಗತ ಕೂಟದ ನಂತರ ಸೋಂಕು ಹಬ್ಬಿ, ಮೊದಲು 66 ಇದ್ದದ್ದು ಕೆಲವೇ ದಿನದಲ್ಲಿ 280 ದಾಟಿತು. ಬಹುತೇಕರಿಗೆ ಎರಡೂ ಡೋಸು ಆಗಿತ್ತು. ಹೆಚ್ಚಿನವರಿಗೆ ಲಕ್ಷಣವೇ ಇರಲಿಲ್ಲ ಅಥವಾ ಸಣ್ಣ ಜ್ವರ. ಊರ ಕಟ್ಟೆಯ ಮೇಲೆ ಈ ಸುದ್ದಿಯನ್ನು ಎರಡು ಪಂಗಡದವರೂ ತಮ್ಮ ಸಾಕ್ಷಿ ಮಾಡಿಕೊಂಡರು. ಲಸಿಕೆ ಇದ್ದದ್ದಕ್ಕೇ ಯಾರೂ ಸಾಯಲಿಲ್ಲ ಎಂದರು ಒಬ್ಬರು. ಲಸಿಕೆ ಹಾಕಿಸಿಕೊಂಡವನೂ ರೋಗ ಹಂಚುತ್ತಾನಾದರೆ ಹಾಕಿಸಿಕೊಳ್ಳದವನನ್ನಷ್ಟೇ ಬಾಗಿಲಲ್ಲಿ ತಡೆಯುವುದೇಕೆ ಎಂದರು ಇನ್ನೊಬ್ಬರು. ಎರಡನೆಯ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು.

2022ರ ಮೇ 2

ಜೇಕಬ್ ಪುಲಿಯೆಲ್ ಎಂಬ ಮಕ್ಕಳ ವೈದ್ಯರು ಹೂಡಿದ ದಾವೆಯಲ್ಲಿ ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್, ಬಿ.ಆರ್. ಗವಾಯಿ ಆ ದಿನ ತೀರ್ಪು ಕೊಟ್ಟರು. ಜನ ಅದನ್ನು ಅರ್ಧ ಮಾತ್ರ ನೆನಪಿಟ್ಟುಕೊಂಡಿದ್ದಾರೆ.

ನೆನಪಿರುವ ಅರ್ಧ: ಯಾರನ್ನೂ ಬಲವಂತದಿಂದ ಚುಚ್ಚುವಂತಿಲ್ಲ. ಸಂವಿಧಾನದ 21ನೇ ವಿಧಿ ಕೊಡುವ ಬದುಕಿನ ಹಕ್ಕಿನಲ್ಲಿ ನಮ್ಮ ಮೈ ಮೇಲಿನ ನಮ್ಮ ಹಕ್ಕೂ ಸೇರಿದೆ. ಮರೆತ ಅರ್ಧ: ಸಮುದಾಯದ ಆರೋಗ್ಯಕ್ಕಾಗಿ ಸರ್ಕಾರ ಆ ಹಕ್ಕಿನ ಮೇಲೆ ಮಿತಿ ಹಾಕಬಹುದು. ಆದರೆ ಮಿತಿಗೆ ಕಾನೂನಿನ ಬುಡ ಇರಬೇಕು, ಕಾರಣ ನ್ಯಾಯವಾಗಿರಬೇಕು, ರೋಗದ ಅಪಾಯಕ್ಕೆ ತಕ್ಕಷ್ಟೇ ಇರಬೇಕು. ಲಸಿಕೆ ಪಡೆಯದವನಿಂದ ಪಡೆದವನಿಗಿಂತ ಹೆಚ್ಚು ಹರಡುತ್ತದೆಂದು ತೋರಿಸುವ ಪುರಾವೆಯನ್ನು ಸರ್ಕಾರಗಳು ಮುಂದಿಡಲಿಲ್ಲ. ಹಾಗಾಗಿ ಸೋಂಕು ಇಳಿದಿದ್ದ ಆ ಹೊತ್ತಿಗೆ ಅಂಥ ನಿರ್ಬಂಧ ಅತಿಯಾಯಿತು, ವಾಪಸ್ ಪಡೆಯಿರಿ ಎಂದು ಕೋರ್ಟು ಸೂಚಿಸಿತು.

ಇದು ಕೋವಿಡ್ ಲಸಿಕೆಯ ಮಾತು. ದಡಾರದ ಲಸಿಕೆ ಹರಡುವುದನ್ನೇ ತಡೆಯುತ್ತದೆ, ಅದರ ಲೆಕ್ಕ ಬೇರೆಯಾದೀತು. ಶಾಲೆಯ ವಿಷಯಕ್ಕೆ ಬಂದರೆ 2019ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ದಡಾರ-ರುಬೆಲ್ಲಾ ಅಭಿಯಾನದ ಬಗ್ಗೆ ಹೇಳಿದ್ದು ಹತ್ತಿರದ್ದು: ಪೋಷಕರ ಒಪ್ಪಿಗೆ ಇಲ್ಲದೆ ಶಾಲೆಯಲ್ಲಿ ಮಕ್ಕಳಿಗೆ ಚುಚ್ಚುವಂತಿಲ್ಲ. ಕರ್ನಾಟಕದಲ್ಲಿ ಆ ಅಭಿಯಾನ 2017ರ ಫೆಬ್ರುವರಿಯಲ್ಲೇ ನಡೆದಿತ್ತು. ವಾಟ್ಸ್‌ಆ್ಯಪ್ ವದಂತಿಗೆ ಹೆದರಿ ಆ ದಿನ ಮಗುವನ್ನು ಶಾಲೆಗೇ ಕಳಿಸದ ಮನೆಗಳಿದ್ದವು. ಫಾರಂ ಇಲ್ಲದ ನಮ್ಮ ವಿನಾಯಿತಿ ಅದೇ, ಒಂದು ದಿನದ ರಜೆ.

ಫಾರಂ ಇರುವ ದೇಶ

ಅಮೆರಿಕದಲ್ಲಿ ಐವತ್ತೂ ರಾಜ್ಯಗಳು ಶಾಲೆಗೆ ಸೇರಲು ಲಸಿಕೆ ಕೇಳುತ್ತವೆ. ವಿನಾಯಿತಿ ಮೂರು ಬಗೆ: ವೈದ್ಯಕೀಯ, ಧಾರ್ಮಿಕ, ಸ್ವಂತ ನಂಬಿಕೆಯದು. ಮೊದಲನೆಯದು ಎಲ್ಲೆಡೆ ಇದೆ. ಉಳಿದೆರಡು ರಾಜ್ಯಕ್ಕೊಂದು ಥರ. ಕ್ಯಾಲಿಫೋರ್ನಿಯಾ 2015ರಲ್ಲಿ, ನ್ಯೂಯಾರ್ಕ್ 2019ರಲ್ಲಿ ಅವನ್ನು ಕಿತ್ತುಹಾಕಿದವು. ಹುಬ್ಬಳ್ಳಿಯಿಂದ ಕ್ಯಾಲಿಫೋರ್ನಿಯಾಕ್ಕೆ ಹೋದ ಸಾಫ್ಟ್‌ವೇರ್ ದಂಪತಿ ಮಗಳನ್ನು ಶಾಲೆಗೆ ಸೇರಿಸಲು ಊರಿನ ತಾಯಿ ಕಾರ್ಡು ತೆಗೆದರೆ ಅದರಲ್ಲಿ ಸೀತಾಳೆ ಸಿಡುಬಿನ ಲಸಿಕೆಯೇ ಇರುವುದಿಲ್ಲ, ನಮ್ಮ ಸರ್ಕಾರಿ ಪಟ್ಟಿಯಲ್ಲಿ ಅದಿಲ್ಲ. ಅಲ್ಲಿ ಹೋಗಿ ಹಾಕಿಸಬೇಕು.

ಇತ್ತೀಚೆಗೆ ಗಾಳಿ ತಿರುಗಿದೆ. ಐಡಾಹೊ 2025ರ ಏಪ್ರಿಲಿನಲ್ಲಿ ಮಾಡಿದ ಕಾನೂನಿನ ಪ್ರಕಾರ ಅಲ್ಲಿನ ಉದ್ದಿಮೆಗಳು, ಶಾಲೆಗಳು ಲಸಿಕೆಯಂಥ ಚಿಕಿತ್ಸೆಯನ್ನು ಪ್ರವೇಶದ ಷರತ್ತು ಮಾಡುವಂತಿಲ್ಲ. ಮೊದಲೇ ಇದ್ದ ಕೆಲವು ನಿಯಮಗಳನ್ನು ಮಾತ್ರ ಇದರಿಂದ ಹೊರಗಿಟ್ಟಿದ್ದಾರೆ. ಸೆಪ್ಟೆಂಬರಿನಲ್ಲಿ ಫ್ಲಾರಿಡಾದ ಆರೋಗ್ಯ ಮುಖ್ಯಸ್ಥರು ಎಲ್ಲ ಕಡ್ಡಾಯಗಳನ್ನೂ ತೆಗೆಯುವುದಾಗಿ ಸಾರಿದರು. ಟೆಕ್ಸಾಸ್ ವಿನಾಯಿತಿ ಫಾರಂ ಅನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಲು ಬಿಟ್ಟಿತು. ಆ ಟೆಕ್ಸಾಸಿನ ಗೇನ್ಸ್ ಎಂಬ ಕೌಂಟಿಯಲ್ಲಿ ಶಾಲೆಗೆ ಹೊಸದಾಗಿ ಸೇರುವ ಮಕ್ಕಳಲ್ಲಿ ಸುಮಾರು ಶೇ 18ರಷ್ಟಕ್ಕೆ ವಿನಾಯಿತಿ ಇತ್ತು. 2025ರ ಜನವರಿಯಲ್ಲಿ ಅಲ್ಲಿಂದ ಎದ್ದ ದಡಾರ ರಾಜ್ಯದಲ್ಲಿ 762 ಜನರಿಗೆ ಹಬ್ಬಿ, ಲಸಿಕೆ ಹಾಕಿಸದ ಇಬ್ಬರು ಶಾಲಾ ಮಕ್ಕಳು ತೀರಿಕೊಂಡರು. ದಡಾರದ ಸ್ವಭಾವವೇ ಹಾಗೆ. ಒಬ್ಬ ರೋಗಿಯಿಂದ ರಕ್ಷಣೆಯಿಲ್ಲದ ಹನ್ನೆರಡರಿಂದ ಹದಿನೆಂಟು ಜನರಿಗೆ ಹೋಗಬಲ್ಲದು. ತಡೆಯಲು ನೂರಕ್ಕೆ ತೊಂಬತ್ತೈದು ಮಕ್ಕಳಿಗಾದರೂ ಲಸಿಕೆ ಆಗಿರಬೇಕು.

ಉಳಿದ ಐವರ ಜಾಗ ಯಾರದು?

ರಕ್ತದ ಕ್ಯಾನ್ಸರಿಗೆ ಔಷಧಿ ತಗೊಳ್ಳುತ್ತಿರುವ ಮಗುವಿಗೆ, ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದ ಮಗುವಿಗೆ ಜೀವಂತ ರೋಗಾಣು ಇರುವ ದಡಾರದ ಲಸಿಕೆ ಕೊಡುವಂತಿಲ್ಲ. ಹಿಂದಿನ ಡೋಸಿಗೆ ಉಸಿರುಗಟ್ಟುವಂಥ ಅಲರ್ಜಿ ಆದವರಿಗೂ ಅದೇ ಲಸಿಕೆ ಮತ್ತೆ ಬೇಡ. ಈ ಮಕ್ಕಳನ್ನು ಕಾಯುವುದು ಪಕ್ಕದ ಮಣೆಯ ಮೇಲೆ ಕೂತ ಮಗುವಿನ ತೋಳು. ಉಳಿದ ಐದು ಜಾಗ ಇವರದು. ಕೆಮ್ಮು ನೆಗಡಿ ಈ ಪಟ್ಟಿಯಲ್ಲಿಲ್ಲ. ಮಗು ಸೊರಗಿದೆ ಎಂಬುದಂತೂ ಬೇಗ ಹಾಕಿಸಲು ಕಾರಣವೇ ಹೊರತು ಬಿಡಲು ಅಲ್ಲ.

ನಮ್ಮಲ್ಲೂ ವಿನಾಯಿತಿಯನ್ನು ಕಾನೂನು ಮಾಡಬೇಕೆನ್ನುವವರಿಗೆ ನನ್ನ ತಕರಾರು ಇಷ್ಟೇ: ಮೊದಲು ಏನು ಕಡ್ಡಾಯ ಎಂಬುದನ್ನು ಬರೆಯಿರಿ. ಬರೆದ ಕಡ್ಡಾಯಕ್ಕೆ ಬರೆದ ವಿನಾಯಿತಿ ಇರುತ್ತದೆ, ಅದನ್ನು ಕೊಡುವ ವೈದ್ಯರು ಯಾರು, ಒಪ್ಪಿಗೆಯಾಗದಿದ್ದರೆ ಯಾರ ಬಳಿ ಹೋಗಬೇಕು ಎಂಬುದೂ ಇರುತ್ತದೆ. ಬರೆಯದ ಕಡ್ಡಾಯವನ್ನು ರೇಷನ್ ಅಂಗಡಿಯ ಗಲ್ಲೆಯ ಮೇಲೆ ಕೂತವನು ನಡೆಸುತ್ತಾನೆ. ಪಟ್ಟಣದವನು ರಿಟ್ ಹಾಕುತ್ತಾನೆ, ಕೂಲಿಗೆ ಹೋಗುವ ಹೆಂಗಸು ಚೀಲ ಮಡಚಿಕೊಂಡು ವಾಪಸ್ ಬರುತ್ತಾಳೆ. ಆತ್ಮಸಾಕ್ಷಿಯ ಆಕ್ಷೇಪಕ್ಕೂ ಜಾಗ ಇರಲಿ, ಆದರೆ ಮನೆಯಲ್ಲಿ ಕೂತು ಡೌನ್‌ಲೋಡ್ ಮಾಡುವಷ್ಟು ಸಸಾರವಾಗಿ ಬೇಡ. ವೈದ್ಯಾಧಿಕಾರಿಯ ಎದುರು ಕೂತು, ಅವರ ಮಾತು ಕೇಳಿ, ಆಮೇಲೆ ಸಹಿ ಮಾಡಲಿ. ಕೆಲಸದ ಮಟ್ಟಿಗೆ, ರೋಗಿಗಳನ್ನೂ ಎಳೆಗೂಸುಗಳನ್ನೂ ಮುಟ್ಟುವ ನೌಕರಿಗಳ ಆಚೆ ಲಸಿಕೆಯ ಷರತ್ತು ಹಾಕಲು ಯಾವ ಮಾಲೀಕನಿಗೂ ಕಾರಣ ಇದ್ದಂತೆ ಕಾಣದು. ಮಗುವಿನ ಶಾಲೆಯನ್ನಂತೂ ಒತ್ತೆ ಇಡಬಾರದು. ತಪ್ಪಿದ ಲಸಿಕೆ ಹಾಕಲು ಮಗು ಶಾಲೆಯೊಳಗಿದ್ದರೆ ತಾನೆ ಸಿಗುವುದು.

ಇನ್ನೊಂದು ಮಾತು. ಕಲಘಟಗಿ ಸೀಮೆಯಲ್ಲಿ ಲಸಿಕೆ ತಪ್ಪಿಸಿಕೊಂಡ ಮಗು ಎಂದರೆ ಸಾಮಾನ್ಯವಾಗಿ ಯಾವ ತತ್ವಕ್ಕೂ ಸೇರಿದ ಮಗುವಲ್ಲ. ಗೋವೆಗೆ ದುಡಿಯಲು ಹೋದವರ ಮಗು, ಕಬ್ಬು ಕಡಿಯಲು ಹೋದವರ ಮಗು, ಕಾಡಂಚಿನ ಗೌಳಿದಡ್ಡಿಯಿಂದ ಗುರುವಾರದ ಕೂಲಿ ಬಿಟ್ಟು ಬರಲಾಗದವರ ಮಗು. ಅವರು ವಿನಾಯಿತಿ ಕೇಳುತ್ತಿಲ್ಲ, ನೀಲಿ ಡಬ್ಬಿ ತಮ್ಮ ಕಡೆಗೂ ಬರಲೆಂದು ಕಾಯುತ್ತಿದ್ದಾರೆ.

ಅಂಥ ಮನೆ ನಿಮಗೆ ಗೊತ್ತಿದ್ದರೆ ಇಷ್ಟು ಹೇಳಿ ಬನ್ನಿ: ಒಂಬತ್ತು ತಿಂಗಳಿಗೆ ಹಾಕಿಸಬೇಕಿದ್ದ ದಡಾರದ ಲಸಿಕೆ ತಪ್ಪಿದ್ದರೆ ಐದು ವರ್ಷದವರೆಗೂ ಸರ್ಕಾರಿ ಕೇಂದ್ರದಲ್ಲಿ ಪುಕ್ಕಟೆ ಹಾಕುತ್ತಾರೆ. ತಾಯಿ ಕಾರ್ಡು ಕಳೆದಿದ್ದರೂ ಹಾಕುತ್ತಾರೆ. ಕೆಮ್ಮಿದ್ದರೂ ಹಾಕುತ್ತಾರೆ.